ಜಾವಾ ಎಂಜಿನ್ನಿಗೊಂದು ಕಾಗದದ ಪ್ಯಾಕಿಂಗ್

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. 1961ರಿಂದ ಅಲ್ಲಿ ತಯಾರಾದ ಜಾವಾ, ಆಮೇಲಿನ ಯೆಜ್ಡಿ ಗಾಡಿಗಳು ಮಾತ್ರ ಇನ್ನೂ ರಸ್ತೆ ಬಿಟ್ಟಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ, ಜಾವಾ ದಿನದಂದು ಇವು ಸಾಲುಗಟ್ಟಿ ಹೊರಟರೆ ನೋಡುವವರ ಕಣ್ಣೆಲ್ಲ ಮಿರುಗುವ ಟ್ಯಾಂಕು, ಜೋಡಿ ಸೈಲೆನ್ಸರುಗಳ ಮೇಲೆ. ಮೆಕ್ಯಾನಿಕ್ ಆದವನ ಚಿಂತೆ ಬ್ಲಾಕಿನ ಕೆಳಗೆ ಕೂತಿರುವ, ಅರ್ಧ ಮಿಲಿಮೀಟರ್ ಆಸುಪಾಸಿನ ಕಾಗದದ್ದು. ಗ್ಯಾರೇಜಿನ ಭಾಷೆಯಲ್ಲಿ ಅದು ಪ್ಯಾಕಿಂಗ್.

ಫೋರ್ ಸ್ಟ್ರೋಕ್ ಗಾಡಿಯಲ್ಲಿ ಈ ಕಾಗದ ಹೋದರೆ ಆಯಿಲ್ ಜಿನುಗಿ ನೆಲ ಕೊಳೆಯಾದೀತು. ಜಾವಾದಂಥ ಟೂ ಸ್ಟ್ರೋಕಿನಲ್ಲಿ ಎಂಜಿನ್ನೇ ಹೋದೀತು. ಇಲ್ಲಿ ಪಿಸ್ಟನ್ ಮೇಲೇರುವಾಗ ಪೆಟ್ರೋಲ್ ಬೆರೆತ ಗಾಳಿ ಕ್ರ್ಯಾಂಕ್‌ಕೇಸಿನೊಳಕ್ಕೆ ಬರುತ್ತದೆ. ಇಳಿಯುವಾಗ ಅದುಮಿಸಿಕೊಂಡು ಪಕ್ಕದ ಕಿಂಡಿಗಳಿಂದ ಮೇಲಕ್ಕೆ ನುಗ್ಗುತ್ತದೆ. ಕ್ರ್ಯಾಂಕ್‌ಕೇಸೇ ಪಂಪು ಎಂದಮೇಲೆ ಅದು ಗಾಳಿ ಬಿಡುವಂತಿಲ್ಲ. ಒಂದೆಳೆ ಸಂದು ಸಿಕ್ಕರೂ ಹೊರಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ. ಪೆಟ್ರೋಲಿನಲ್ಲೇ ಆಯಿಲ್ ಬೆರೆಸುವ ಗಾಡಿ ನೋಡಿ, ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ. ಕಾದ ಪಿಸ್ಟನ್ ಬೋರಿಗೆ ಕಚ್ಚಿಕೊಳ್ಳುತ್ತದೆ. ಸೀಜ್ ಆಯ್ತೆಂದು ಆಯಿಲ್ ಮಾರಿದವನನ್ನು ಬೈಯುವ ಮೊದಲು ಪ್ಯಾಕಿಂಗ್ ನೋಡುವುದು ಒಳ್ಳೆಯದು.

ಅಂಗಡಿಯಲ್ಲಿ ಸಿದ್ಧ ಸೆಟ್ ಸಿಗುತ್ತದೆ. ಅದರ ಕಿಂಡಿ ಎಂಜಿನ್ನಿನ ಕಿಂಡಿಗೆ ಸರಿಯಾಗಿ ಕೂತರೆ ಅದೃಷ್ಟ. ಹಾಗಾಗಿ ಪಳಗಿದವರು ಪ್ಯಾಕಿಂಗ್ ಶೀಟ್ ತಂದು ತಾವೇ ಕತ್ತರಿಸಿಕೊಳ್ಳುತ್ತಾರೆ. ಹಳೆಯ ಕಾಗದದ ದಪ್ಪ ಅಳೆದಿಟ್ಟುಕೊಳ್ಳಬೇಕು. ಹೊಸದು ದಪ್ಪವಾದರೆ ಬ್ಲಾಕು ಮೇಲೆದ್ದು ಕಿಂಡಿ ತೆರೆಯುವ ಹೊತ್ತೇ ಬದಲಾಗುತ್ತದೆ. ಅಂಟಿಕೊಂಡ ಚೂರುಗಳನ್ನು ಸ್ಕ್ರೂಡ್ರೈವರಿನಿಂದ ಕೆರೆದು ಅಲ್ಯೂಮಿನಿಯಂ ಮೇಲೆ ಗೀರು ಮಾಡಿದರೆ ಹೊಸ ಕಾಗದವೂ ಸೋರುತ್ತದೆ. ಬ್ಲಾಕನ್ನು ತಲೆಕೆಳಗಾಗಿಸಿ, ನಡುವಿನ ದೊಡ್ಡ ತೂತು ಮೊದಲೇ ಕತ್ತರಿಸಿದ ಶೀಟನ್ನು ಅದರ ಮೇಲೆ ಕೂರಿಸುತ್ತಾರೆ. ಸ್ಟಡ್ ತೂತಿನ ಮೇಲೆ ಬೇರಿಂಗ್ ಗುಂಡಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ದುಂಡನೆಯ ಬಿಲ್ಲೆ ಒಳಗೆ ಕಳಚಿಬೀಳುತ್ತದೆ. ಕಿಂಡಿಗಳ ಅಂಚಿಗೆ ಬ್ಲೇಡೇ ವಾಸಿ. ಕಾಗದ ಕೂದಲೆಳೆಯಷ್ಟು ಒಳಚಾಚಿದರೂ ಮಿಶ್ರಣದ ದಾರಿಗೆ ಅಡ್ಡ. ಇನ್ನು ಗಟ್ಟಿಯಾಗಲೆಂದು ಸಿಲಿಕೋನ್ ಮೆತ್ತುವ ಚಾಳಿಯನ್ನು ಬಿಡಲೇಬೇಕು. ಪೆಟ್ರೋಲಿಗೆ ಮೆತ್ತಗಾಗಿ ಕಿತ್ತ ಚೂರು ಬೇರಿಂಗಿಗೆ ಹೋಗುತ್ತದೆ. ತೆಳ್ಳಗೆ ಗ್ರೀಸ್ ಸವರಿದರೆ ಸಾಕು.

ಪಿಸ್ಟನ್ ಹಾಕುವಾಗ ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕದಿದ್ದರೆ ಪಿನ್ನಿನ ಸರ್ಕ್ಲಿಪ್ ಚಿಮ್ಮಿ ಒಳಗೇ ಬೀಳುವುದು ಖಚಿತ. ರಿಂಗಿನ ತುದಿಗಳು ಪಿಸ್ಟನ್ನಿನ ತೋಡಿನಲ್ಲಿರುವ ಸಣ್ಣ ಗೂಟಕ್ಕೆ ಕೂತಿವೆಯೇ ನೋಡಿಕೊಂಡು ಬ್ಲಾಕ್ ಇಳಿಸಬೇಕು. ಕ್ರ್ಯಾಂಕಿನ ಎಡಗಡೆಯ ಆಯಿಲ್ ಸೀಲನ್ನೂ ನೋಡಬೇಕು, ಅದು ಹಳೆಯದಾಗಿದ್ದರೆ ಕ್ಲಚ್ಚಿನ ಕಡೆಯ ಆಯಿಲನ್ನು ಎಂಜಿನ್ ಹೀರುತ್ತದೆ. ನೆಲದ ಮೇಲೆ ಹನಿಯಿಲ್ಲ, ಸೈಲೆನ್ಸರಿನಲ್ಲಿ ಮಾತ್ರ ಬಿಳಿ ಹೊಗೆ.

ಕೆಳಗಿಳಿಸಿದ ಎಂಜಿನ್ನನ್ನು ಫ್ರೇಮಿಗೆ ಏರಿಸುವ ಮೊದಲು ಇನ್‌ಲೆಟ್, ಸೈಲೆನ್ಸರ್ ಕೂರುವ ಬಾಯಿ ಮುಚ್ಚಿ, ಪ್ಲಗ್ ತೂತಿನಿಂದ 5–6 ಪಿಎಸ್‌ಐ ಮೀರದಂತೆ ಗಾಳಿ ಕೊಟ್ಟು ಸೋಪಿನ ನೀರು ಸವರಿ ನೋಡುವುದುಂಟು. ಗುಳ್ಳೆ ಬಂದ ಕಡೆ ಮತ್ತೆ ಬಿಚ್ಚು. ಏರಿಸಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲವಾಗಿ ಪೋಣಿಸಿ, ಆಮೇಲೆ ಬಿಗಿಯಬೇಕು. ಹಿಂದಿನ ಚೈನಿನ ರಬ್ಬರ್ ಕೊಳವೆಗಳು ಚೈನ್ ಲಾಕ್ ಹಾಕುವ ಮುಂಚೆಯೇ ತೂರಿರಲಿ. ಒಂದು ಸುತ್ತು ಓಡಿಸಿ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ ಇನ್ನೊಮ್ಮೆ ಬಿಗಿದರೆ ಕೆಲಸ ಮುಗಿಯಿತು.