ಸಕ್ಕರೆ ಕಾಯಿಲೆ ಬಳುವಳಿಯಾದೀತು, ಕುರುಡು ಬಳುವಳಿಯಾಗಬೇಕಿಲ್ಲ



ಶಿಡ್ಲಘಟ್ಟದ ನಮ್ಮ ಮೊಹಲ್ಲಾದಲ್ಲಿ ಬೆಳಗಾಗುವುದೇ ರೇಷ್ಮೆಗೂಡು ಬೇಯುವ ವಾಸನೆಯೊಂದಿಗೆ. ನನ್ನ ಅಮ್ಮಿ ಮತ್ತು ಖಾಲಾ ಇಬ್ಬರೂ ನೂಲು ಬಿಚ್ಚುವ ಮನೆಗಳಿಗೇ ಸೊಸೆಯರಾಗಿ ಬಂದವರು. ನಲವತ್ತು ದಾಟುತ್ತಿದ್ದಂತೆ ಇಬ್ಬರಿಗೂ ಸಕ್ಕರೆ ಕಾಯಿಲೆ ಬಂತು. ಮಾತ್ರೆ ಒಂದೇ, ಪಥ್ಯವೂ ಇಬ್ಬರದೂ ಅಷ್ಟಕ್ಕಷ್ಟೇ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಖಾಲಾರ ಎಡಗಣ್ಣು ಹೋಯಿತು, ಮೂತ್ರಪಿಂಡಗಳೂ ಸೋತವು. ಅಮ್ಮಿ ಇಂದಿಗೂ ಕನ್ನಡಕ ಹಾಕಿಕೊಂಡು ಕುರ್‌ಆನ್ ಓದುತ್ತಾರೆ.

ಹೀಗೇಕೆ? ಖಾಲಾರ ಮಕ್ಕಳು "ನಸೀಬು" ಎಂದರು. ನಾನು ಮನಸ್ಸಿನಲ್ಲೇ "ನಾನು ಅಮ್ಮಿಯ ಮಗಳು, ನನಗೇನೂ ಆಗದು" ಎಂದುಕೊಂಡೆ. ಇಬ್ಬರ ಎಣಿಕೆಯೂ ತಪ್ಪಾಗಿತ್ತು.

ರಕ್ತದಲ್ಲಿ ಬರುವುದೇನು?

ಸಕ್ಕರೆ ಕಾಯಿಲೆ ವಂಶದಲ್ಲಿ ಹರಿಯುತ್ತದೆಂದು ನಮಗೆಲ್ಲ ಗೊತ್ತು. ಆದರೆ ಆ ಕಾಯಿಲೆ ಯಾರ ಕಣ್ಣು, ಮೂತ್ರಪಿಂಡಗಳನ್ನು ಬೇಗ ಕೆಡಿಸುತ್ತದೆ ಎಂಬುದರಲ್ಲೂ ವಂಶವಾಹಿಗಳ ಪಾಲಿದೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಕೂದಲಿಗಿಂತ ಸಣ್ಣ ರಕ್ತನಾಳಗಳ ಗೋಡೆ ಹಾಳಾಗುತ್ತದೆ. ಆ ಗೋಡೆ ಎಷ್ಟು ಗಟ್ಟಿ ಎಂಬುದು ಎಲ್ಲರಲ್ಲೂ ಒಂದೇ ಅಲ್ಲ. ಸುಮಾರು 19 ಸಾವಿರ ಟೈಪ್ 1 ಮಧುಮೇಹಿಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಮೂತ್ರಪಿಂಡದ ಜರಡಿಯನ್ನು ಕಟ್ಟುವ ಕೊಲಾಜೆನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿನ ಒಂದು ಸಣ್ಣ ವ್ಯತ್ಯಾಸ ಕೆಲವರಿಗೆ ರಕ್ಷಣೆ ಕೊಡುತ್ತದೆ ಎಂದು ತೋರಿಸಿತು. ಅವರೆಲ್ಲ ಯುರೋಪ್ ಮೂಲದವರು.

ನಮ್ಮ ನೆರೆಯಲ್ಲೇ ನೋಡಿ. ಚೆನ್ನೈಯ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನ ವೈದ್ಯರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಕ್ಕರೆಯಿಂದ ಕಣ್ಣಿನ ಪರದೆ ಕೆಟ್ಟವರ ಒಡಹುಟ್ಟಿದ ಮಧುಮೇಹಿಗಳಿಗೂ ಅದೇ ತೊಂದರೆಯಾಗುವ ಸಂಭವ ಮೂರು ಪಟ್ಟಿಗಿಂತ ಹೆಚ್ಚಿತ್ತು. ಆದರೂ ನೆನಪಿಡಿ, ಒಂದೇ ಮನೆಯವರು ವಂಶವಾಹಿಯ ಜೊತೆಗೆ ಒಂದೇ ಒಲೆಯನ್ನೂ ಹಂಚಿಕೊಳ್ಳುತ್ತಾರೆ.

ನಸೀಬಿನ ಮಾತು

ಹಾಗಾದರೆ ಕೈಕಟ್ಟಿ ಕೂರಬೇಕೇ? ಖಂಡಿತ ಇಲ್ಲ. ಅಮೆರಿಕ ಮತ್ತು ಕೆನಡಾಗಳಲ್ಲಿ ಟೈಪ್ 1 ಮಧುಮೇಹಿಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟವರಲ್ಲಿ ಕಣ್ಣಿನ ಪರದೆಯ ತೊಂದರೆ ಹೊಸದಾಗಿ ಬರುವುದು ಶೇ. 76ರಷ್ಟು ತಗ್ಗಿತು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಟೈಪ್ 2 ಕುರಿತು ಬ್ರಿಟನ್ನಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಣ್ಣ ರಕ್ತನಾಳಗಳ ತೊಂದರೆ ಶೇ. 25ರಷ್ಟು ಇಳಿಯಿತು. ರಕ್ತದೊತ್ತಡವನ್ನು ಬಿಗಿಯಾಗಿ ಹಿಡಿದವರಲ್ಲಿ ಇಳಿಕೆ ಶೇ. 37. ಅಂದರೆ ವಂಶವಾಹಿ ಬರೆದದ್ದು ಸಂಭವವನ್ನಷ್ಟೇ, ತೀರ್ಪನ್ನಲ್ಲ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ನಲವತ್ಮೂರನೇ ವಯಸ್ಸಿಗೆ ನನಗೂ ಸಕ್ಕರೆ ಕಾಯಿಲೆ ಬಂತು. "ಕಣ್ಣು ಚೆನ್ನಾಗಿಯೇ ಕಾಣುತ್ತದಲ್ಲ" ಎಂದು ಎರಡು ವರ್ಷ ಪರೀಕ್ಷೆಗೆ ಹೋಗಲಿಲ್ಲ. ಖಾಲಾರೇ ಒಂದು ದಿನ ಗದರಿಸಿದರು: "ಬೇಟಿ, ನನಗೂ ಚೆನ್ನಾಗಿಯೇ ಕಾಣುತ್ತಿತ್ತು." ಹೋದೆ. ಪರದೆಯಲ್ಲಿ ಆರಂಭದ ಚುಕ್ಕೆಗಳಿದ್ದವು. ಅಮ್ಮಿಯ ಮಗಳಾಗಿದ್ದೂ! ಬೇಗ ಗೊತ್ತಾದ್ದರಿಂದ ಸಕ್ಕರೆ, ರಕ್ತದೊತ್ತಡ ಎರಡನ್ನೂ ಹಿಡಿತಕ್ಕೆ ತಂದುಕೊಂಡಿದ್ದೇನೆ. ಓದಿಸುವ ಕೆಲಸ ಬಿಟ್ಟಿಲ್ಲ.

ನೀವು ಮಾಡಬೇಕಾದದ್ದು

ಮೊದಲು ಮನೆಯ ಹಿರಿಯರನ್ನು ಕೇಳಿ. ನಾನಿ, ದಾದಿ, ಮಾಮು, ಫುಪ್ಪು, ಯಾರಿಗೆ ಸಕ್ಕರೆಯಿಂದ ಕಣ್ಣು, ಮೂತ್ರಪಿಂಡ, ಕಾಲು ಹೋಯಿತು? ಬರೆದಿಟ್ಟು ವೈದ್ಯರಿಗೆ ತೋರಿಸಿ. ಚಿಂತಾಮಣಿ, ಗೌರಿಬಿದನೂರಿನ ನೆಂಟರ ಮನೆಯಿಂದಲೇ ಹೆಣ್ಣು ತಂದು ಕೊಡುವ ನಮ್ಮಲ್ಲಿ ಎರಡೂ ಕಡೆಯ ಇತಿಹಾಸ ಒಂದೇ ಆಗಿರುವುದುಂಟು.

ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿಸಿ ಒಳಪರದೆ ತೋರಿಸಿ. ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆಯನ್ನೂ ವರ್ಷಕ್ಕೊಮ್ಮೆ ಮಾಡಿಸಿ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನು ವೈದ್ಯರು ಹೇಳಿದಷ್ಟು ಸಲ ಮಾಡಿಸಿ. ಗರ್ಭಿಣಿಯರಲ್ಲಿ ಕಣ್ಣಿನ ತೊಂದರೆ ಬೇಗ ಹೆಚ್ಚಬಹುದು, ಅವರು ತಡ ಮಾಡಲೇಬಾರದು.

ರಾಗಿ ಒಳ್ಳೆಯದೆಂದು ಎರಡೆರಡು ಮುದ್ದೆ ನುಂಗಿದರೆ ಸಕ್ಕರೆ ಏರದೇ ಇರುವುದಿಲ್ಲ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಕೆಲಸ ಮಾಡಬೇಡಿ. ನರಗಳು ಸೋತ ಕಾಲಿಗೆ ಗಾಯವಾದರೂ ನೋವು ತಿಳಿಯುವುದಿಲ್ಲ. ವುಝೂ ಮಾಡುವಾಗ ದಿನಕ್ಕೆ ಐದು ಸಲ ಪಾದ ತೊಳೆಯುತ್ತೀರಲ್ಲವೇ? ಒಂದು ಸಲವಾದರೂ ಅಂಗಾಲು ತಿರುಗಿಸಿ ನೋಡಿ, ಬೆರಳ ಸಂದು ಒರೆಸಿ. ರಮಝಾನ್ ಬರುವ ಮುಂಚೆಯೇ ಮಾತ್ರೆ, ಇನ್ಸುಲಿನ್ ಬಗ್ಗೆ ವೈದ್ಯರನ್ನು ಕೇಳಿ. ರೋಗಿಗಳಿಗೆ ಉಪವಾಸದಲ್ಲಿ ರಿಯಾಯಿತಿ ಇದೆ. ಅದನ್ನು ಬಳಸಿಕೊಳ್ಳುವುದು ಈಮಾನಿನ ಕೊರತೆಯಲ್ಲ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ನಮ್ಮ ನಿಮ್ಮ ಮನೆಗಳೂ ಅದರಲ್ಲಿ ಸೇರಿವೆ.

ಖಾಲಾರಿಗೆ ಈಗ ವಾರಕ್ಕೆರಡು ಸಲ ಡಯಾಲಿಸಿಸ್. ಹೋಗುವ ಮುನ್ನ ನನ್ನನ್ನು ಕೇಳುವುದು ಒಂದೇ ಮಾತು: "ಕಣ್ಣು ತೋರಿಸಿದೆಯಾ?" ಸಹೋದರೀ, ನೀವು ತೋರಿಸಿದಿರಾ?