ಹಿಟ್ಟಿನ ಪೊಟ್ಟಣ, ಅಂಗಡಿಯ ಬಿಲ್ಲು ಮತ್ತು ನಮ್ಮ ಕಾಫಿ

ಸದಸ್ಯ ಬಾಂಧವರಲ್ಲಿ ಕೆಲವರು ತೋಟದ ಜೊತೆಗೆ ಊರಿನಲ್ಲಿ ಸಣ್ಣದೊಂದು ಕಾಫಿಪುಡಿ ಅಂಗಡಿಯನ್ನೂ ಇಟ್ಟುಕೊಂಡಿದ್ದಾರೆ. ಇನ್ನು ಕೆಲವರು ತಮ್ಮ ಬೀಜವನ್ನೇ ಹುರಿಸಿ, ಪುಡಿ ಮಾಡಿಸಿ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಿರಾಣಿ ಅಂಗಡಿಗಳಿಗೆ ಕೊಡುತ್ತಾರೆ. ಇವರು ಸಂಘದ ಕಚೇರಿಗೆ ಬಂದಾಗ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: “ಈ ಆಹಾರ ಸುರಕ್ಷತೆ, ಲೈಸೆನ್ಸು, ಪರೀಕ್ಷೆ ಎಂಬುದೆಲ್ಲ ದೊಡ್ಡ ಕಂಪನಿಗಳಿಗೆ ದಾರಿ ಮಾಡಿಕೊಟ್ಟು ಸಣ್ಣ ಅಂಗಡಿಯವನ ಬಾಗಿಲು ಮುಚ್ಚಿಸುವುದಕ್ಕೆ ತಾನೆ?” ನನ್ನ ಅಭಿಪ್ರಾಯ ಹಾಗಲ್ಲ. ಮಾಲು ತಯಾರಿಸುವವನು ತನ್ನ ಪಾಲಿನ ಎಚ್ಚರಿಕೆಯನ್ನು ತಾನೇ ವಹಿಸಿದರೆ, ಅದರಿಂದ ಹೆಚ್ಚು ಅನುಕೂಲ ಆಗುವುದು ಸಣ್ಣ ಅಂಗಡಿಗೇ. ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ಉದಾಹರಣೆ ಇದೆ.

ಬೆಂಗಳೂರಿನ ತಿಪ್ಪಸಂದ್ರದ ಒಂದು ಕಿರಾಣಿ ಅಂಗಡಿಯಲ್ಲಿ ದೋಸೆ ಹಿಟ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ ಮಾರುತ್ತಿದ್ದರು. ಯಾರು ರುಬ್ಬಿದ್ದು, ಯಾವ ನೀರು, ಎಂದಿನದು ಎಂಬ ಗುರುತು ಅದರ ಮೇಲೆ ಇರುತ್ತಿರಲಿಲ್ಲ. ಹಿಟ್ಟು ಕೆಟ್ಟಿದ್ದರೆ ಗಿರಾಕಿ ಬೈಯುತ್ತಿದ್ದುದು ರುಬ್ಬಿದವನನ್ನಲ್ಲ, ಎದುರಿಗೆ ಸಿಕ್ಕುವ ಅಂಗಡಿಯವನನ್ನು. ಇದನ್ನು ಗಮನಿಸಿದ ಅಂಗಡಿಯವರ ಬಂಧು ಪಿ.ಸಿ. ಮುಸ್ತಫಾ ಅವರು 2005ರಲ್ಲಿ ತಮ್ಮ ಸೋದರ ಸಂಬಂಧಿಗಳನ್ನು ಸೇರಿಸಿಕೊಂಡು ಹಿಟ್ಟಿನ ವ್ಯಾಪಾರ ಆರಂಭಿಸಿದರು. ಇಡ್ಲಿ, ದೋಸೆ ಎರಡರ ಇಂಗ್ಲಿಷ್ ಮೊದಲಕ್ಷರಗಳಿಂದ ಬಂದ ಹೆಸರು ‘ಐಡಿ’. ಒಂದು ಸಣ್ಣ ಕೋಣೆ, ಒಂದೆರಡು ಗ್ರೈಂಡರು, ಪೊಟ್ಟಣ ಬೆಸೆಯುವ ಒಂದು ಯಂತ್ರ, ಒಂದು ಹಳೆಯ ಸ್ಕೂಟರು. ಸುತ್ತಮುತ್ತಲಿನ ಇಪ್ಪತ್ತು ಅಂಗಡಿಗಳಿಗೆ ದಿನಕ್ಕೆ ನೂರು ಪೊಟ್ಟಣ ಹಾಕಬೇಕೆಂಬುದು ಅವರ ಮೊದಲ ಗುರಿ. ಮುಸ್ತಫಾ ಅವರು ವೈನಾಡಿನವರು; ತಂದೆ ಕಾಫಿ ತೋಟದಲ್ಲಿ ಕೂಲಿ ಮಾಡುತ್ತಿದ್ದವರು. ಆರನೆಯ ತರಗತಿಯಲ್ಲಿ ನಪಾಸಾದ ಹುಡುಗ ಮುಂದೆ ಇಂಜಿನಿಯರಿಂಗ್ ಓದಿ, ವಿದೇಶದಲ್ಲಿ ನೌಕರಿ ಮಾಡಿ ಬಂದವರು. ನಮ್ಮ ತೋಟದ ಲೈನುಗಳಲ್ಲಿರುವ ಮಕ್ಕಳ ವಿದ್ಯಾಭ್ಯಾಸದ ಮಾತು ಬಂದಾಗ ಇದು ನೆನಪಿರಲಿ ಎಂದು ಇಲ್ಲಿ ಹೇಳಿದೆ, ವಿಷಯಕ್ಕೆ ಬರುತ್ತೇನೆ.

ದೋಸೆ ಹಿಟ್ಟು, ನಮ್ಮ ಕಡೆ ಸಂಪಣ ಎನ್ನುವುದು, ಬಿಸ್ಕತ್ತಿನಂತೆ ಸತ್ತ ಪದಾರ್ಥವಲ್ಲ. ಅಕ್ಕಿ, ಉದ್ದಿನ ಜೊತೆ ಬಂದ ಸೂಕ್ಷ್ಮ ಜೀವಿಗಳು ಹಿಟ್ಟಿನಲ್ಲಿರುವ ಸಕ್ಕರೆಯ ಅಂಶವನ್ನು ತಿಂದು ಹುಳಿಯನ್ನೂ ಅನಿಲವನ್ನೂ ಬಿಡುತ್ತವೆ. ಅನಿಲದಿಂದ ಹಿಟ್ಟು ಉಬ್ಬುತ್ತದೆ. ಹುಳಿ ಒಂದು ಮಟ್ಟಕ್ಕೆ ಏರಿದರೆ ರೋಗ ತರುವ ಅನೇಕ ಜೀವಿಗಳಿಗೆ ಅಲ್ಲಿ ಬೆಳೆಯಲು ಆಗುವುದಿಲ್ಲ. ಆದುದರಿಂದ ಸರಿಯಾಗಿ ಹುಳಿ ಬಂದ ಹಿಟ್ಟು ತನ್ನನ್ನು ತಾನೇ ಸ್ವಲ್ಪ ಮಟ್ಟಿಗೆ ಕಾಯ್ದುಕೊಳ್ಳುತ್ತದೆ. ಆದರೆ ಆ ಕ್ರಿಯೆ ಹೇಳಿದ ಕಡೆ ನಿಲ್ಲುವುದಿಲ್ಲ. ಬೆಚ್ಚಗಿದ್ದರೆ ಮುಂದುವರಿದು ಹಿಟ್ಟು ಬಾಯಿಗಿಡಲಾಗದಷ್ಟು ಹುಳಿಯಾಗುತ್ತದೆ, ಬಾಯಿ ಬಿಗಿದ ಪೊಟ್ಟಣ ಬಿರಿಯುತ್ತದೆ. ನೀರು ಕೊಳಕಾಗಿದ್ದರಂತೂ ಹುಳಿ ಬರುವುದಕ್ಕೆ ಮೊದಲೇ ಬೇಡದ ಜೀವಿಗಳು ಸೇರಿಕೊಳ್ಳುತ್ತವೆ. ಕೆಡದಂತೆ ಇಡುವ ರಾಸಾಯನಿಕವನ್ನು ಹಾಕುವುದಿಲ್ಲವೆಂದ ಮೇಲೆ ಉಳಿಯುವ ಉಪಾಯ ಮೂರೇ: ಶುದ್ಧ ನೀರು, ಕೈ ತಾಗದ ಪಾತ್ರೆ ಪರಿಕರ, ರುಬ್ಬಿದಲ್ಲಿಂದ ಗಿರಾಕಿಯ ಮನೆಯವರೆಗೆ ಎಲ್ಲಿಯೂ ತಪ್ಪದ ತಂಪು.

ಇದೇ ಕೆಲಸವನ್ನು ಇನ್ನೊಂದು ದಾರಿಯಲ್ಲಿಯೂ ಮಾಡಬಹುದು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದವರು ಸೈನಿಕರಿಗಾಗಿ ರೂಪಿಸಿದ, ಪೊಟ್ಟಣದೊಳಗೇ ಅಡಿಗೆಯನ್ನು ಹಬೆಯ ಒತ್ತಡದಲ್ಲಿ ಕಾಯಿಸುವ ವಿಧಾನವನ್ನು ಪಡೆದು ಎಂ.ಟಿ.ಆರ್. ಸಂಸ್ಥೆಯವರು ಸಿದ್ಧ ಊಟದ ಪೊಟ್ಟಣಗಳನ್ನು ಮಾರಾಟಕ್ಕೆ ತಂದರು. ಅದನ್ನು ತಿಂಗಳುಗಟ್ಟಲೆ ಬೀರುವಿನಲ್ಲಿಡಬಹುದು. ಹಿಟ್ಟಿಗೆ ಆ ಚಿಕಿತ್ಸೆ ಮಾಡಿದರೆ ಅದು ಬೆಂದೇ ಹೋಗುತ್ತದೆ! ಆದುದರಿಂದ ಐಡಿಯವರು ಪ್ರತಿದಿನ ಅಂಗಡಿ ಅಂಗಡಿಗೆ ತಾವೇ ತಲುಪಿಸುವ ಕಷ್ಟದ ದಾರಿಯನ್ನು ಹಿಡಿಯಬೇಕಾಯಿತು. ಇವರ ತಂತ್ರಜ್ಞಾನದ ಮುಖ್ಯ ಭಾಗ ಗ್ರೈಂಡರಿನಲ್ಲಿಲ್ಲ, ಲೆಕ್ಕದಲ್ಲಿದೆ. ಯಾವ ಅಂಗಡಿಯಲ್ಲಿ ಯಾವ ವಾರ ಎಷ್ಟು ಹೋಯಿತು ಎಂಬುದನ್ನು ಕಂಪ್ಯೂಟರಿನಲ್ಲಿ ಬರೆದಿಟ್ಟು, ಅದರ ಮೇಲೆ ನಾಳೆಗೆ ಎಷ್ಟು ಹಾಕಬೇಕೆಂದು ಅಂದಾಜು ಮಾಡುತ್ತಾರೆ. ಮಾರಾಟವಾಗದೆ ಉಳಿದ ಪೊಟ್ಟಣವನ್ನು ಹಿಂದಕ್ಕೆ ಒಯ್ಯುತ್ತಾರೆ. ಅಂಗಡಿಯವನು ದಾಸ್ತಾನಿಗೆ ಹಣ ಹೂಡಬೇಕಾಗಿಲ್ಲ, ಹಾಲಿಗೆಂದು ಇಟ್ಟಿರುವ ಫ್ರಿಜ್ಜಿನಲ್ಲಿಯೇ ಜಾಗವಾಗುತ್ತದೆ, ಹಳೆಯ ಮಾಲನ್ನು ಮಾರಲೇಬೇಕೆಂಬ ಆಸೆಯೂ ಹುಟ್ಟುವುದಿಲ್ಲ.

ಇದನ್ನು ಧರ್ಮಕಾರ್ಯವೆಂದು ತಿಳಿಯಬೇಕಾಗಿಲ್ಲ. ಆ ಕಂಪನಿಗೆ 2014ರಲ್ಲಿಯೂ 2017ರಲ್ಲಿಯೂ ಹೊರಗಿನ ದೊಡ್ಡ ಬಂಡವಾಳ ಬಂತು. ಅವರ ಮಾಲು ಈಗ ದೊಡ್ಡ ಮಳಿಗೆಗಳಲ್ಲಿಯೂ ಸಿಕ್ಕುತ್ತದೆ. ಅಪಾರ್ಟ್‌ಮೆಂಟುಗಳಲ್ಲಿ ಮಾರುವವನೇ ಇಲ್ಲದ ಪೆಟ್ಟಿಗೆಗಳನ್ನಿಟ್ಟು ಮಾರಿದ್ದೂ ಉಂಟು. ಅಂಗಡಿಯವನನ್ನು ಬಿಟ್ಟು ಮುಂದೆ ಹೋಗುವ ಶಕ್ತಿ ಅವರಿಗಿದೆ. ಆದರೂ ಹೆಸರಿಲ್ಲದ ಚೀಲಕ್ಕೂ ದಿನಾಂಕವುಳ್ಳ ಪೊಟ್ಟಣಕ್ಕೂ ಇರುವ ವ್ಯತ್ಯಾಸ ಸಣ್ಣ ಅಂಗಡಿಯವನ ಪಾಲಿಗೆ ಎಷ್ಟು ದೊಡ್ಡದೆಂಬುದು ಕಾಯಿದೆಯನ್ನು ಓದಿದರೆ ತಿಳಿಯುತ್ತದೆ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 26ನೆಯ ಕಲಮಿನ ಪ್ರಕಾರ, ಆಹಾರ ಪದಾರ್ಥವನ್ನು ಅಂಗಡಿಯವನಿಗೆ ಮಾರುವವನು ಅದರ ಗುಣಮಟ್ಟಕ್ಕೆ ಲಿಖಿತ ಖಾತರಿಯನ್ನು ಕೊಡಬೇಕು. ಬೇರೆ ಪತ್ರ ಬೇಕೆಂದಿಲ್ಲ, ಕೊಟ್ಟ ಬಿಲ್ಲೇ ಖಾತರಿಯೆಂದು ಕಾಯಿದೆ ಹೇಳುತ್ತದೆ. 1954ರ ಹಳೆಯ ಕಲಬೆರಕೆ ತಡೆ ಕಾಯಿದೆಯಲ್ಲಿಯೂ ಇಂಥ ಏರ್ಪಾಟಿತ್ತು. ಇನ್ನು 27ನೆಯ ಕಲಮಿನಂತೆ ಅಂಗಡಿಯವನು ಸ್ವತಃ ಹೊಣೆಯಾಗುವ ಸಂದರ್ಭಗಳಲ್ಲಿ ಕೆಲವು ಇವು: ಅವಧಿ ಮುಗಿದದ್ದನ್ನು ಮಾರಿದರೆ, ಕೊಳಕು ಸ್ಥಿತಿಯಲ್ಲಿ ಇಟ್ಟುಕೊಂಡರೆ, ಹಾನಿಕರವೆಂದು ತಿಳಿದೂ ಕೊಂಡರೆ, ಮತ್ತು ತಯಾರಿಸಿದವರು ಯಾರು, ತನಗೆ ಕೊಟ್ಟವರು ಯಾರು ಎಂಬ ಗುರುತೇ ಇಲ್ಲದ ಮಾಲನ್ನು ಮಾರಿದರೆ. ರಬ್ಬರ್ ಬ್ಯಾಂಡಿನ ಚೀಲವನ್ನು ಮಾರುವವನು ಇದರಲ್ಲಿ ಕಡೆಯದಕ್ಕೆ ಸಿಕ್ಕಿಬೀಳುತ್ತಾನೆ. ತಪ್ಪು ರುಬ್ಬಿದವನದಾದರೂ ತೋರಿಸಲು ಅವನ ಕೈಯಲ್ಲಿ ಏನೂ ಇರುವುದಿಲ್ಲ.

ಈಗ ನಮ್ಮ ಪುಡಿಯ ವಿಷಯ. ಬಿಲ್ಲಿಲ್ಲದೆ, ಚೀಟಿಯಿಲ್ಲದೆ, “ನಮ್ಮ ತೋಟದ್ದೇ ಕಣಯ್ಯ” ಎಂಬ ಮಾತಿನ ಮೇಲೆ ಅಂಗಡಿಗೆ ಕೊಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ವಿಶ್ವಾಸ ಒಳ್ಳೆಯದೇ. ಆದರೆ ಇನ್‌ಸ್ಪೆಕ್ಟರು ಮಾದರಿ ತೆಗೆದ ದಿನ ಆ ಮಾತು ಅಂಗಡಿಯವನನ್ನು ಕಾಯುವುದಿಲ್ಲ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ನೂರಕ್ಕೆ 51 ಭಾಗಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಅಚ್ಚು ಹಾಕಬೇಕು. ಹುರಿದ ತಾರೀಖು ಮತ್ತು ಯಾವ ಹುರಿತದ್ದೆಂಬ ಒಂದು ಸಂಖ್ಯೆಯನ್ನು ಪೊಟ್ಟಣದ ಮೇಲೂ ಬಿಲ್ಲಿನ ಮೇಲೂ ಬರೆದರೆ, ದೂರು ಬಂದಾಗ ಎಲ್ಲ ಅಂಗಡಿಗಳ ಮಾಲನ್ನೂ ಹಿಂದಕ್ಕೆ ತರಬೇಕಾಗಿಲ್ಲ. ಆ ಒಂದು ಹುರಿತದ್ದನ್ನು ತಂದರೆ ಸಾಕು. ಇದಕ್ಕೆ ಬೇಕಾದ ಯಂತ್ರ ಒಂದು ನೋಟ್ ಪುಸ್ತಕ, ಒಂದು ರಬ್ಬರ್ ಮೊಹರು.

ಇನ್ನೊಂದು ಸಂಗತಿ ಕಣದಲ್ಲಿಯೇ ತೀರ್ಮಾನವಾಗುವಂಥದು. ಕಾಫಿಯಲ್ಲಿ ಬೂಷ್ಟು ಹಿಡಿದಾಗ ಕೆಲವು ಜಾತಿಯ ಬೂಷ್ಟು ಓಕ್ರಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ; ಅದು ಮೂತ್ರಪಿಂಡಕ್ಕೆ ಕೇಡು. ಹುರಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಯುರೋಪಿನ ದೇಶಗಳು ಹುರಿದ ಕಾಫಿಯಲ್ಲಿ ಕಿಲೋಗೆ 5 ಮೈಕ್ರೋಗ್ರಾಂ ಎಂದಿದ್ದ ಮಿತಿಯನ್ನು 2023ರಿಂದ 3ಕ್ಕೆ ಇಳಿಸಿವೆ. ಅಂದರೆ ಸಾವಿರ ಟನ್ನಿನಲ್ಲಿ 3 ಗ್ರಾಂ! ಕಣ್ಣಿಗೆ ಕಾಣುವ ಮಾತಲ್ಲ. ಆದರೆ ಅದು ಹುಟ್ಟುವ ಘಟ್ಟ ನಮಗೆ ಗೊತ್ತು. ಹಣ್ಣು ಪೂರ್ತಿ ಹಸಿಯಾಗಿಯೂ ಇಲ್ಲದೆ ಒಣಗಿಯೂ ಇಲ್ಲದೆ ಕಣದಲ್ಲಿ ಬಿದ್ದಿರುವ ದಿನಗಳು, ಆ ಮೇಲೆ ಮಳೆ ಅಥವಾ ಇಬ್ಬನಿಯಲ್ಲಿ ಮತ್ತೆ ನೆನೆಯುವ ರಾತ್ರಿಗಳು. ದಪ್ಪನಾಗಿ ಹರವುವುದು, ತಿರುವಿಹಾಕಲು ಆಳು ಸಾಲದೆ ಬಿಡುವುದು, ಸಂಜೆ ಮುಚ್ಚದಿರುವುದು, ಇವೇ ಕಾರಣ. ಮಣ್ಣಿನ ನೆಲಕ್ಕಿಂತ ಸಿಮೆಂಟಿನ ಕಣ ಮೇಲು ಎನ್ನುವುದಕ್ಕೂ ಇದೇ ಅರ್ಥ. ಅಡಿಕೆ ಒಣಗಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ತೇವ ಉಳಿದ ಅಡಿಕೆಯ ಗತಿ ಅವರು ಕಂಡದ್ದೇ.

ಕಾಫಿ ಮಂಡಳಿಯ ಸಲಹೆಯಂತೆ ಪಾರ್ಚ್‌ಮೆಂಟನ್ನು ನೂರಕ್ಕೆ 10ರ ತೇವಕ್ಕೂ, ಅರೇಬಿಕಾ ಚೆರಿಯನ್ನು 10.5ಕ್ಕೂ, ರೊಬಸ್ಟಾ ಚೆರಿಯನ್ನು 11ಕ್ಕೂ ಒಣಗಿಸಬೇಕು. ಹಲ್ಲಿನಿಂದ ಕಡಿದು ನೋಡುವ ಕ್ರಮ ಅನುಭವಸ್ಥರಿಗೆ ಸರಿ. 11ಕ್ಕೂ 13ಕ್ಕೂ ಇರುವ ಅಂತರವನ್ನು ಎಲ್ಲರ ಹಲ್ಲೂ ಹೇಳಲಾರದು. ಸಂಘದ ಗೋದಾಮಿನಲ್ಲಿ ತೇವಮಾಪಕವಿದೆ, ಸದಸ್ಯರಿಗೆ ಶುಲ್ಕವಿಲ್ಲ. ಮಾದರಿ ತರುವವರು ರಾಶಿಯ ಮೇಲಿನಿಂದ ಒಂದು ಹಿಡಿ ತರಬೇಡಿ. ಮೇಲೆ, ನಡುವೆ, ತಳದಲ್ಲಿ ಬೇರೆ ಬೇರೆಯಾಗಿ ತೆಗೆದು, ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ತನ್ನಿ. ಬಟ್ಟೆಯ ಚೀಲದಲ್ಲಿ ಬಸ್ಸಿನಲ್ಲಿ ತಂದರೆ ದಾರಿಯಲ್ಲಿಯೇ ತೇವ ಬದಲಾಗಿ ಅಂಕಿ ತಪ್ಪುತ್ತದೆ.