ಎಡಗೈಯ ನಾದ

ಮೃದಂಗಕ್ಕೆ ಎರಡು ಮುಖಗಳಿವೆಯೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಮನೆಯಲ್ಲಿ ಕುಳಿತು ಧ್ವನಿಮುದ್ರಿಕೆಗಳಿಂದ ಸಂಗೀತ ಕೇಳುವ ನಮ್ಮಲ್ಲಿ ಬಹುಮಂದಿಗೆ ಸರಿಯಾಗಿ ಕೇಳಿಸುತ್ತಿರುವುದು ಅದರ ಒಂದು ಮುಖ ಮಾತ್ರ. ಬಲಗೈಯ ಬೆರಳುಗಳ ಮಾತು ಸ್ಪಷ್ಟವಾಗಿಯೇ ಬರುತ್ತದೆ. ಎಡಗೈಯ ಗುಮ್ಕಿ, ಕಚೇರಿಯ ಮೊದಲ ಸಾಲಿನಲ್ಲಿ ಕುಳಿತವನ ಎದೆಯನ್ನು ಮೆಲ್ಲನೆ ತಟ್ಟುವ ಆ ನಾದ, ಪೆಟ್ಟಿಗೆಯಿಂದ ಹೊರಬರುವ ವೇಳೆಗೆ ಬರಿಯ 'ತಪ್' ಎಂಬ ಸದ್ದಾಗಿ ಉಳಿದಿರುತ್ತದೆ. ಇದು ಕೊರತೆಯೆಂದು ನನಗೆ ಬಹಳ ವರ್ಷ ಹೊಳೆದಿರಲೇ ಇಲ್ಲ.

ನನ್ನ ಸೋದರಮಾವ ಮೃದಂಗ ನುಡಿಸುತ್ತಿದ್ದರು. ಹೆಸರಾದ ವಿದ್ವಾಂಸರೇನಲ್ಲ, ರಾಮನವಮಿಯ ಪೆಂಡಾಲಿನಲ್ಲಿ, ಮದುವೆಮನೆಗಳಲ್ಲಿ ನುಡಿಸಿ ತೃಪ್ತರಾದವರು. ನುಡಿಸುವ ಮೊದಲು ಎಡಮುಖದ ನಡುವೆ ಕಲಸಿದ ರವೆಯನ್ನು ಮೆತ್ತಿ, ಚಿಟಿಕೆಯಷ್ಟು ಸೇರಿಸಿ, ಚಿಟಿಕೆಯಷ್ಟು ಕಿತ್ತು, ತಲೆ ಬಾಗಿಸಿ ಕೇಳುತ್ತಿದ್ದುದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವರು ತೀರಿಕೊಂಡ ಮೇಲೆ ಉಳಿದದ್ದು, ಸ್ನೇಹಿತರೊಬ್ಬರು ಒಳ್ಳೆಯ ಮೈಕು ಇಟ್ಟು ಮುದ್ರಿಸಿದ್ದ ಒಂದೇ ಒಂದು ಟೇಪು. ಅದನ್ನು ಡಿಜಿಟಲ್ ರೂಪಕ್ಕೆ ಇಳಿಸಿ, ಪುಸ್ತಕದ ಕಪಾಟಿನಲ್ಲಿರುವ ನನ್ನ ಪುಟ್ಟ ಸ್ಪೀಕರುಗಳಲ್ಲಿ ಅತ್ತೆಗೆ ಕೇಳಿಸಿದೆ. ತುಸು ಹೊತ್ತು ಕೇಳಿ ಅವರು, "ಇವರ ಎಡಗೈ ಎಲ್ಲಿ ಹೋಯಿತು?" ಎಂದರು.

ಎಡಗೈ ಟೇಪಿನಲ್ಲೇ ಇತ್ತು. ಅದನ್ನು ಹೊರಗೆ ತರುವ ಶಕ್ತಿ ನನ್ನ ಸ್ಪೀಕರುಗಳಿಗೆ ಇರಲಿಲ್ಲ.

ಲೆಕ್ಕ ಸರಳವಾದುದು. ಗಾಯಕನ ಷಡ್ಜ ಸೆಕೆಂಡಿಗೆ ಸುಮಾರು 130 ಕಂಪನಗಳಷ್ಟಿದ್ದರೆ, ಅವನ ತಂಬೂರಿಯ ಮಂದ್ರ ಷಡ್ಜದ ತಂತಿ ಅದರ ಅರ್ಧಕ್ಕೆ, ಅಂದರೆ 65ಕ್ಕೆ, ಮಿಡಿಯುತ್ತದೆ. ಮೃದಂಗದ ಎಡಮುಖದ ತೆರೆದ ಪೆಟ್ಟೂ ಬಹುಮಟ್ಟಿಗೆ ಆ ನೆರೆಹೊರೆಯಲ್ಲೇ ನೆಲೆಸಿರುತ್ತದೆ. ಸ್ಪೀಕರಿನ ಕಾಗದದ ಬಟ್ಟಲು ಗಾಳಿಯನ್ನು ತಳ್ಳಿ ನಾದವನ್ನು ಹುಟ್ಟಿಸಬೇಕಷ್ಟೆ. ಸ್ವರ ಒಂದು ಸ್ಥಾಯಿ ಕೆಳಗಿಳಿದಾಗ, ಅದೇ ಗಾತ್ರದ ಸದ್ದಿಗೆ ಅದೇ ಬಟ್ಟಲು ನಾಲ್ಕರಷ್ಟು ದೂರ ಚಲಿಸಬೇಕು. ಎರಡು ಸ್ಥಾಯಿ ಇಳಿದರೆ ಹದಿನಾರರಷ್ಟು. ಐದಂಗುಲದ ಬಟ್ಟಲಿಗೆ ಅಷ್ಟು ಹಾಯುವ ಸ್ಥಳವೇ ಇಲ್ಲ.

ಇಂಥ ಸ್ಪೀಕರುಗಳನ್ನು ನಾನು ಹೀಗಳೆಯುತ್ತಿಲ್ಲ. 1970ರ ದಶಕದ ಮೊದಲ ವರ್ಷಗಳಲ್ಲಿ ಬಿ.ಬಿ.ಸಿ.ಯ ಎಂಜಿನಿಯರುಗಳು ಹೊರಾಂಗಣ ಪ್ರಸಾರದ ವ್ಯಾನುಗಳ ಇಕ್ಕಟ್ಟಿಗಾಗಿ ಎಲ್.ಎಸ್. 3/5ಎ ಎಂಬ ಪೆಟ್ಟಿಗೆಯನ್ನು ರೂಪಿಸಿದರು. ಎತ್ತರ ಒಂದು ಅಡಿ, ಬಟ್ಟಲು ಐದಂಗುಲ. ಮನುಷ್ಯಕಂಠವನ್ನು ಅದು ಒಪ್ಪಿಸುವ ರೀತಿಗೆ ಮಾರುಹೋದವರು ಇಂದಿಗೂ ಇದ್ದಾರೆ. ಆದರೆ ಮಂದ್ರದ ಆಳಕ್ಕೆ ಅದು ಇಳಿಯಲಾರದು, ಇಳಿಯಬೇಕೆಂದು ಯಾರೂ ಕೇಳಿರಲೂ ಇಲ್ಲ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್, ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡು ಚಿಕ್ಕ ಪೆಟ್ಟಿಗೆಯಿಂದ ಆಳವಾದ ನಾದವನ್ನು ಹೊರಡಿಸಿ ತೋರಿಸಿದ್ದು ನಿಜ. ಅವರ ಬಟ್ಟಲಾದರೋ ಹನ್ನೆರಡು ಅಂಗುಲದ್ದು, ಅದಕ್ಕೆ ಉಣಿಸಬೇಕಾದ ವಿದ್ಯುತ್ತೂ ಹೆಚ್ಚು.

ಹಾಗಾದರೆ ಅಂಗೈಯಗಲದ ಟ್ರಾನ್ಸಿಸ್ಟರಿನಲ್ಲಿ ನಮಗೆ ತಂಬೂರಿ ಕೇಳಿಸುತ್ತಿದ್ದುದು ಹೇಗೆ? ಇದು ಕಿವಿಯ ಸೋಜಿಗ. 65ರ ಸ್ವರದೊಡನೆ 130, 195, 260 ಎಂದು ಅದರ ಅನುಸ್ವರಗಳೂ ಹುಟ್ಟುತ್ತವೆ. ತಂಬೂರಿಯ ಜೀವಾಳ ಅವನ್ನು ಇನ್ನಷ್ಟು ಬೆಳಗಿಸುತ್ತದೆ. ಮೂಲಸ್ವರವೇ ಇಲ್ಲದಿದ್ದರೂ ಈ ಮಕ್ಕಳನ್ನು ಕಂಡು ಮನಸ್ಸು ತಾಯಿಯನ್ನು ಊಹಿಸಿಕೊಳ್ಳುತ್ತದೆ. ಆದ್ದರಿಂದ ಶ್ರುತಿ ಕೆಡುವುದಿಲ್ಲ, ರಾಗ ಕೆಡುವುದಿಲ್ಲ. ಕೆಡುವುದು ಮೈ. ಊಹಿಸಿಕೊಂಡ ನಾದ ಎದೆಯನ್ನು ತಟ್ಟಲಾರದು.

ಆ ಮೈಯನ್ನು ಮರಳಿ ತರಲೆಂದೇ ಸಬ್‌ವೂಫರ್ ಎಂಬ ಮೂರನೆಯ ಪೆಟ್ಟಿಗೆಯನ್ನು ಕೊಂಡೆ. ಹತ್ತಂಗುಲದ ಬಟ್ಟಲು, ತನ್ನದೇ ಆಂಪ್ಲಿಫೈಯರು. 80 ಹರ್ಟ್ಸಿನಿಂದ ಕೆಳಗಿನದು ಮಾತ್ರ ಅದರ ಪಾಲಿನ ಕೆಲಸ. ಇದಕ್ಕೆ ಎಡಬಲಗಳ ಜೋಡಿ ಬೇಡ. 80ರ ನಾದದ ಅಲೆಯ ಉದ್ದ ನಾಲ್ಕೂಕಾಲು ಮೀಟರಿಗೂ ತುಸು ಹೆಚ್ಚು. ಅಷ್ಟುದ್ದದ ಅಲೆ ಕೋಣೆಯೊಳಗೆ ಎತ್ತಣಿಂದ ಬಂತೆಂದು ಗುರುತಿಸಲು ಕಿವಿ ಸೋಲುತ್ತದೆ. ಅಂಗಡಿಯವರು ಹೇಳಿದಂತೆ ಗೆರೆಯನ್ನು 150ಕ್ಕೆ ಏರಿಸಿದಾಗ ಮಾತ್ರ ಗಾಯಕನ ಷಡ್ಜವೇ ಕೋಣೆಯ ಮೂಲೆಯಿಂದ ಹೊರಟು, ಉಳಿದ ಸ್ವರಗಳು ಕಪಾಟಿನಿಂದ ಬರತೊಡಗಿದವು. ಅದನ್ನು ಕೂಡಲೇ ಇಳಿಸಿದೆ. ಸಾಧ್ಯವಿದ್ದರೆ ಚಿಕ್ಕ ಸ್ಪೀಕರುಗಳಿಗೆ ಹೋಗುವ ಮಂದ್ರವನ್ನು ಅದೇ ಗೆರೆಯಲ್ಲಿ ಕತ್ತರಿಸುವುದು ಲೇಸೆಂಬುದು ನನ್ನ ಅನುಭವ. ಹೊರಲಾರದ ಹೊರೆ ಇಳಿದೊಡನೆ ಅವು ಕಂಠವನ್ನೂ ಇನ್ನಷ್ಟು ನಿರಾಳವಾಗಿ ಹಾಡಿಸುತ್ತವೆ.

ಇನ್ನು ಮುಖ್ಯವಾದ ಪೇಚು. ಮೂಲೆಯಲ್ಲಿ ಜಾಗವಿತ್ತೆಂದು ಪೆಟ್ಟಿಗೆಯನ್ನು ಅಲ್ಲೇ ಇಟ್ಟಿದ್ದೆ. ಕೋಣೆಯ ನಡುವಿನ ನನ್ನ ಕುರ್ಚಿಗೆ ಎಡಗೈಯ ನಾದ ಸಾಲದೆನಿಸಿ ಗುಂಡಿಯನ್ನು ಏರಿಸಿದೆ. ಪಕ್ಕದ ಗೋಡೆಗೆ ಒರಗಿ ಕುಳಿತಿದ್ದ ಅತ್ತೆ ಕಿವಿ ಮುಚ್ಚಿಕೊಂಡರು. "ಇದು ಮೆರವಣಿಗೆಯ ಡೋಲು. ಅವರದಲ್ಲ." ನನಗೆ ಬೇಸರವೇ ಆಯಿತು. ವಯಸ್ಸಾದವರ ಕಿವಿ ಎಂದುಕೊಂಡೆನೆಂದು ಒಪ್ಪಿಕೊಳ್ಳುತ್ತೇನೆ. ಕಾಗದ ಹಿಡಿದು ಲೆಕ್ಕ ಹಾಕಿದಾಗ ಇಬ್ಬರೂ ಸರಿಯಾಗಿಯೇ ಕೇಳಿದ್ದೆವೆಂದು ತಿಳಿಯಿತು. ನನ್ನ ಕೋಣೆಯ ಅಗಲ ಒಂಬತ್ತು ಅಡಿ. ಸೆಕೆಂಡಿಗೆ 344 ಮೀಟರು ಸಾಗುವ ಶಬ್ದದ ಅರ್ಧ ಅಲೆಯೊಂದು ಆ ಅಗಲದಲ್ಲಿ ಸರಿಯಾಗಿ ಹಿಡಿಸುವುದು 63 ಹರ್ಟ್ಸಿನಲ್ಲಿ. ನಮ್ಮ ಮೃದಂಗದ ಎಡಮುಖ ಇರುವುದೂ ಅದರ ಮಗ್ಗುಲಲ್ಲೇ! ಆ ನಿಂತ ಅಲೆ ಎರಡು ಗೋಡೆಗಳ ಬಳಿ ಉಬ್ಬಿ, ನಟ್ಟನಡುವೆ ಬತ್ತಿಹೋಗುತ್ತದೆ. ನಾನು ಬತ್ತಿದಲ್ಲಿ ಕುಳಿತು ಏರಿಸುತ್ತಿದ್ದೆ, ಅವರು ಉಬ್ಬಿದಲ್ಲಿ ಕುಳಿತು ಅನುಭವಿಸುತ್ತಿದ್ದರು. ಮೂಲೆಯಲ್ಲಿಟ್ಟ ಪೆಟ್ಟಿಗೆ ಕೋಣೆಯ ಇಂಥ ಎಲ್ಲ ಅಲೆಗಳನ್ನೂ ಒಟ್ಟಿಗೇ ಕೆರಳಿಸುತ್ತದೆ.

ಇದಕ್ಕೊಂದು ಪರಿಹಾರವಿದೆ, ಮಾನವಂತರು ಬಾಗಿಲು ಹಾಕಿಕೊಂಡು ಮಾಡತಕ್ಕದ್ದು. ಪೆಟ್ಟಿಗೆಯನ್ನು ಕೇಳುವವರ ಕುರ್ಚಿಯ ಮೇಲೆ ಕೂರಿಸಿ, ಕೇಳುವವರು ನೆಲದ ಮೇಲೆ ಅಂಬೆಗಾಲಿಡುತ್ತಾ ಮಂದ್ರ ಎಲ್ಲಿ ಹದವಾಗಿ ಕೇಳಿಸುವುದೋ ಅರಸಬೇಕು. ನಾದದ ದಾರಿ ಎರಡು ದಿಕ್ಕಿಗೂ ಒಂದೇ ಆದುದರಿಂದ, ಆ ಸ್ಥಳದಲ್ಲಿ ಪೆಟ್ಟಿಗೆ ಇಟ್ಟರೆ ಕುರ್ಚಿಯಲ್ಲೂ ಹದವಾಗಿಯೇ ಕೇಳಿಸುತ್ತದೆ. ಅತ್ತೆಯ ಕುರ್ಚಿಯ ಮೇಲೆ ಅದನ್ನಿಟ್ಟು ನಾನು ಅಂಬೆಗಾಲಿಕ್ಕಿದ್ದನ್ನು ಮನೆಯ ಮಕ್ಕಳು ಇನ್ನೂ ಮರೆತಿಲ್ಲ. ದೊರೆತ ಜಾಗ, ಕಪಾಟಿನ ಕೆಳಗೆ, ಗಿಡ್ಡ ಗೋಡೆಯ ನಟ್ಟನಡುವೆ. ಅಲ್ಲಿಂದ ಆ 63ರ ಅಲೆ ಏಳುವುದೇ ಇಲ್ಲ. ಇಬ್ಬರಿಗೂ ಒಂದೇ ಮೃದಂಗ ಕೇಳಿಸುತ್ತದೆ. ಹಿಂಬದಿಯಲ್ಲಿ ಫೇಸ್ ಎಂಬ ಸಣ್ಣ ಸ್ವಿಚ್ಚು ಇರುತ್ತದೆ. ಎರಡು ಸ್ಥಾನಗಳಲ್ಲಿ ಯಾವುದರಲ್ಲಿ ಮಂದ್ರ ತುಂಬಿಬರುವುದೋ ಅಲ್ಲಿ ಬಿಟ್ಟರಾಯಿತು.

ಎಷ್ಟು ಸದ್ದಿಡಬೇಕು? ಮನುಷ್ಯನ ಕಿವಿ ಮೆಲುದನಿಯಲ್ಲಿ ಮಂದ್ರವನ್ನು ಬಹುಬೇಗ ಕಳೆದುಕೊಳ್ಳುತ್ತದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದರು. ಆದುದರಿಂದ ಕಚೇರಿಗಿಂತ ಮೆಲ್ಲಗೆ ಕೇಳುವ ಮನೆಯಲ್ಲಿ ತುಸು ಏರಿಸುವ ಆಸೆ ಸಹಜ. ಪೆಟ್ಟಿಗೆಯಿರುವುದು ಗೊತ್ತಾಗುವವರೆಗೆ ಏರಿಸಿ, ಗೊತ್ತಾಗದಷ್ಟು ಇಳಿಸುವುದು ನನ್ನ ಕ್ರಮ. ಮುದ್ರಿಕೆಯಲ್ಲಿಲ್ಲದ್ದನ್ನು ಅದು ತರಲಾರದು. 1925ರಲ್ಲಿ ವಿದ್ಯುತ್ ಮುದ್ರಣ ಬರುವುದಕ್ಕೆ ಮೊದಲಿನ ತಟ್ಟೆಗಳಲ್ಲಿ ಈ ಆಳದ ನಾದವೇ ಇಲ್ಲ. ಅಲ್ಲಿ ಕೇಳಿಸುವುದು ತಿರುಗುಮಣೆಯ ಗೊರಗೊರ. ನಮ್ಮ ಟೇಪಿನಲ್ಲೂ ಅದುವರೆಗೆ ಅಡಗಿದ್ದ 50 ಹರ್ಟ್ಸಿನ ಕರೆಂಟಿನ ಗುಂಯ್‌ಗುಡುವಿಕೆ ಎದ್ದು ಬಂತು. ಅದನ್ನು ಪೂರ್ತಿ ಅಳಿಸಹೋದರೆ ಎಡಗೈಯೂ ಸವೆಯುತ್ತಿತ್ತು, ಅರ್ಧಕ್ಕೆ ನಿಲ್ಲಿಸಿದೆ.

ಮುಂದಿನ ಸಲ ಅತ್ತೆ ಬಂದಾಗ ಹಗಲಿನಲ್ಲೇ ಕೇಳಿಸಿದೆ. ರಾತ್ರಿಯಾದರೆ ಈ ಅಲೆಗಳು ನೆಲದ ಮೂಲಕ ಕೆಳಮನೆಯವರ ನಿದ್ದೆಗೆ ಇಳಿಯುತ್ತವೆ. ಅವರು ತನಿ ಮುಗಿಯುವವರೆಗೂ ಮಾತಾಡಲಿಲ್ಲ. ಆಮೇಲೆ, "ಆ ದಿನ ರವೆ ಸ್ವಲ್ಪ ಹೆಚ್ಚಾಗಿತ್ತು ಅವರಿಗೆ" ಎಂದರು. ನಾನು ಗುಂಡಿಯನ್ನು ಮುಟ್ಟಲಿಲ್ಲ.